ತಿದ್ದುಪಡಿ

ಕಿಸುಮುವಿನ ಮೀನುಪೇಟೆಯ ಹಿಂದೆ, ಟಯರು ರಿಪೇರಿಯ ಪಕ್ಕ
ಒಬಿಯೆರೊ ಅವರ ಮುದ್ರಣಾಲಯ.
ವಾರಕ್ಕೊಮ್ಮೆ ಎಂಟು ಪುಟ.
ನಾನು ಸೇರಿದ ತಿಂಗಳು ಆರಾಯಿತು,
ಮಳೆ ಮುಗಿಯುವಷ್ಟರಲ್ಲಿ ನಾಲ್ಕು.
ಆಮೇಲೆ ಯಂತ್ರವನ್ನು ಯಾರೋ
ತೂಕದ ಲೆಕ್ಕದಲ್ಲಿ ಲಾರಿಗೆ ಹೇರಿದರು.

ಅಲ್ಲಿ ಕಲಿತದ್ದು ಎರಡೇ ಮಾತು:
ಹೆಸರನ್ನು ಎರಡು ಸಲ ಕೇಳು, ಒಂದು ಸಲ ಬರೆ.
ತಪ್ಪಿದರೆ ಮುಂದಿನ ವಾರ
ಎರಡನೇ ಪುಟದ ಬುಡದಲ್ಲಿ, ಕೋಳಿಮರಿ ಮಾರಾಟದ ಮೇಲೆ
ಚೌಕಟ್ಟು ಹಾಕಿ ಒಪ್ಪಿಕೋ.
"ಮಣ್ಣೆಳೆದು ಮುಚ್ಚಿ ಹೋಗೋದು ಬೆಕ್ಕಿನ ಕೆಲಸ, ಅಪೊಂಡಿ.
ನಮ್ಮದಲ್ಲ."

ಈಗ ಅಚ್ಚಿಲ್ಲ. ಫೋನಿದೆ,
ಗಾಜು ಅಡ್ಡಡ್ಡ ಸೀಳಿದ್ದು;
ಬಿರುಕಿನ ಆಚೆ ಅರ್ಧ ವಾಕ್ಯ, ಈಚೆ ಅರ್ಧ.
ನಾನೇ ವರದಿಗಾರ್ತಿ, ನಾನೇ ಸಂಪಾದಕಿ,
ಸೈಕಲ್ಲಿನ ಪೇಪರ್ ಹುಡುಗನೂ ನಾನೇ.
ಸಂಬಳ ಕೊಡಬೇಕಾದವಳೂ ನಾನೇ,
ಅವಳೊಬ್ಬಳು ಮಾತ್ರ ಕೈಗೆ ಸಿಗುತ್ತಿಲ್ಲ.

ಮೊದಮೊದಲು ಬರೆದದ್ದು
ಓಮೆನಾ ಮೀನಿನ ಡಬ್ಬಕ್ಕೆ ಬೆಲೆ ಏರಿದ್ದು,
ಜಲಕುಂಭಿ ಹಬ್ಬಿ ದೋಣಿಗಳು ದಡದಲ್ಲೇ ಸಿಕ್ಕಿಬಿದ್ದದ್ದು.
ಹನ್ನೊಂದು ಸಲ ಓದಿದ್ದಾರೆ, ಅಂತ ತೋರಿಸಿತು ಫೋನು.
ಅದರಲ್ಲಿ ನಾಲ್ಕು ಸಲ ನನ್ನ ತಂಗಿ.
ಆ ಅಂಕಿಯ ಮೇಲೆ ಕೂತಿರುತ್ತಿದ್ದೆ
ಕಾವಿಗೆ ಕೂತ ಹೇಂಟೆಯ ಹಾಗೆ.

ಆ ರಾತ್ರಿ ಗಾಳಿ.
ಡುಂಗಾ ದಡದಿಂದ ಹೋದ ದೋಣಿ ಮಗುಚಿತು.
ಬೆಳಗಿನ ಐದಕ್ಕೆ ಬೋಡಾ ಬೈಕಿನ ಹಿಂದೆ ಕೂತು ಹೋದೆ.
ಒಬ್ಬ ಮೂವರು ಅಂದ. ಇನ್ನೊಬ್ಬ ಮೂವರು ಅಂದ.
ಎರಡು ಸಲ ಕೇಳಿದೆನಲ್ಲ.
ಅವನಿಗೆ ಹೇಳಿದವನು ಇವನೇ ಎಂದು
ಕೇಳಬೇಕಾದದ್ದು ಮೂರನೇ ಸಲ.
ನೈರೋಬಿಯ ದೊಡ್ಡ ಪತ್ರಿಕೆಗಳು ಕಣ್ಣುಜ್ಜಿ ಏಳುವ ಮೊದಲೇ
ಸುದ್ದಿ ನನ್ನದಾಗಬೇಕಿತ್ತು.
ಬರೆದೆ: ಸತ್ತವರು ಮೂವರು.
ಇಬ್ಬರು ಪರಊರಿನ ಕೂಲಿಗಳು, ಹೆಸರು ತಿಳಿದುಬಂದಿಲ್ಲ.
ಮೂರನೆಯವನು ಒಗಾಡ, ಬಲೆ ಹೆಣೆಯುವವನು,
ಒಳ್ಳೆಯ ಈಜುಗಾರ.

ಮಧ್ಯಾಹ್ನಕ್ಕೆ ನಲವತ್ತು ಸಾವಿರ.
ಜೀವಮಾನದಲ್ಲಿ ಮೊದಲ ಸಲ
ಹೋಟೆಲಿನಲ್ಲಿ ಇಡೀ ಮೀನು ತರಿಸಿ ತಿಂದೆ,
ಮುಳ್ಳು ಚೀಪಿ ಚೀಪಿ.

ಸಂಜೆ ಒಗಾಡ ನಡೆದು ಬಂದ.
ಜಲಕುಂಭಿಯ ಚಾಪೆ ತಬ್ಬಿ ತೇಲಿ,
ಜೊಂಡಿನೊಳಗೆ ಬೆಳಗು ಮಾಡಿ, ಒಂದೇ ಚಪ್ಪಲಿಯಲ್ಲಿ.
ಅಷ್ಟರಲ್ಲಿ ಅವನ ಅಂಗಳದಲ್ಲಿ
ಸಾವಿನ ಬೆಂಕಿ ಹೊತ್ತಿಸಿಯಾಗಿತ್ತು,
ಕುರ್ಚಿಗಳಿಗೆ ಬಾಡಿಗೆ ಕೊಟ್ಟಾಗಿತ್ತು.

ಮೂರನ್ನು ಎರಡು ಮಾಡುವುದು ಈಗ
ತೋಳಿನ ಸೊಳ್ಳೆ ಕೊಡವಿದಷ್ಟು ಹಗುರ.
ಕಲೆ ಇಲ್ಲ, ಸದ್ದಿಲ್ಲ.
ಮಾಡಿಯೂ ಬಿಟ್ಟೆ.
ಬೆಕ್ಕು ನೆನಪಾಗಲಿಲ್ಲ ಅಂದರೆ ಸುಳ್ಳು.

ಮೂರನೇ ದಿನ ಬಾಗಿಲಲ್ಲಿ ಅವನು.
ಅವನ ಫೋನಿನಲ್ಲಿ ನನ್ನ ಹಳೆಯ ಸಾಲಿನ ಚಿತ್ರ,
ಯಾರೋ ಹಿಡಿದಿಟ್ಟದ್ದು, ಊರೆಲ್ಲ ಸುತ್ತಿದ್ದು.
ಬೈಯುತ್ತಾನೆ ಅಂದುಕೊಂಡೆ.
ಸ್ಟೂಲಿನ ಮೇಲೆ ಕೂತು, ಚಹಾ ಆರಿಸುತ್ತ ಕೇಳಿದ:
"ಒಳ್ಳೆಯ ಈಜುಗಾರ. ಇದನ್ನು ಹೇಳಿದವರು ಯಾರು?"
ದಡದಲ್ಲಿ ಯಾರೋ, ಅಂದೆ.
"ನನಗೆ ಈಜು ಬರೋದೇ ಇಲ್ಲ.
ಸತ್ತ ಮೇಲಾದರೂ ಬಂತಲ್ಲ,
ಅದೊಂದು ಇರಲಿ ಬಿಡು."

ಆ ರಾತ್ರಿ ಕರೆಂಟು ಹೋದ ಮೇಲೆ
ಒಡಕು ಗಾಜಿನಲ್ಲಿ ಚೌಕಟ್ಟು ಎಳೆಯಲು ಹೋಗಿ ಸೋತೆ.
ಬರೇ ಗೀಟು ಹಾಕಿ ಕೆಳಗೆ ಬರೆದೆ:
ಮೂವರು ಎಂದದ್ದು ತಪ್ಪು. ಅಳಿಸಿದ್ದು ಇನ್ನೊಂದು ತಪ್ಪು.
ಒಗಾಡ ಬದುಕಿದ್ದಾನೆ. ಅವನಿಗೆ ಈಜು
ಇಲ್ಲಿ ಹೆಬ್ಬೆರಳು ತುಂಬ ಹೊತ್ತು ನಿಂತಿತು.
ಬರುವುದಿಲ್ಲ.

ಓದಿದವರು ಹದಿನಾರು.
ಒಬಿಯೆರೊ ಒಂದೇ ಸಾಲು ಕಳಿಸಿದರು:
"ಎರಡನೇ ಪುಟ ಸಿಕ್ಕಿತು. ಕೋಳಿಮರಿಗಳೆಲ್ಲಿ?"

ನಗುತ್ತ ಮಲಗಿದವಳು ಎದ್ದು ಕೂತೆ.
ನಲವತ್ತು ಸಾವಿರದಲ್ಲಿ ಒಬ್ಬರೂ ಕೇಳಲಿಲ್ಲ,
ನಾನೂ ಕೇಳಲಿಲ್ಲ,
ನಿಜಕ್ಕೂ ಸತ್ತ ಆ ಇಬ್ಬರು ಯಾರು ಅಂತ.
ಬೆಳಗಿನ ಮೊದಲ ಮಟಾಟು ಐದೂವರೆಗೆ.
ಪೆನ್ನು ಹುಡುಕುತ್ತಿದ್ದೇನೆ.